ಎಲ್ಲಾ ಮಹಡಿಯವನು

ಮಗಳು ಮೆಚ್ಚಿದ ಹುಡುಗ ಸುಳ್ಳುಗಾರ ಎಂಬುದು ಬೀಗ ರಿಪೇರಿಯವರಿಗೆ ಕಟ್ಟಡದ ಬಾಗಿಲಲ್ಲೇ ಖಾತ್ರಿಯಾಯಿತು. ಇಲ್ಲೇ ವರ್ಷಗಳಿಂದ ಕೆಲಸ ಎಂದವನನ್ನು ಕಾವಲುಗಾರ ತಡೆದು, "ಯಾರನ್ನ ನೋಡ್ಬೇಕಿತ್ತು?" ಎಂದು ಕೇಳಿದ್ದ. ಹುಡುಗ ಪೆಚ್ಚುನಗೆ ನಕ್ಕು, ತಾರಸಿ ತೋಟಕ್ಕೆ ಬಂದವರು ಎಂದ. ತೋಟಕ್ಕೆ ಪ್ರವೇಶ ಬಿಟ್ಟಿ. ಮಗಳೇನು ಬಿಟ್ಟಿ ಬಿದ್ದಿಲ್ಲವಲ್ಲ.

ಆ ಮಗಳಿಗೆ ಇವನೆಂದರೆ ಪ್ರಾಣ. ಆದರೂ ಅಪ್ಪನಿಗೆ ಮಾತು ಕೊಟ್ಟಿದ್ದಳು: "ನೀನೇ ಒಂದ್ಸಲ ನೋಡು. ಬೇಡ ಅಂದ್ರೆ ಅಲ್ಲಿಗೆ ಬಿಟ್ಟೆ." ತೀರ್ಮಾನ ಇವತ್ತೇ, ಈ ತೋಟದಲ್ಲೇ.

ಮೂವರೂ ಲಿಫ್ಟು ಹತ್ತಿದ ಮೇಲೆ ಹುಡುಗ ಬಾಯಿ ತೆರೆದ. "ಸರ್, ನನ್ನ ಕೆಲಸ ಏನಂದ್ರೆ..."

"ಇಬ್ಬರೂ ಹೇಳ್ಬೇಡಿ. ಕೀ ಇಲ್ದೆ ಬೀಗ ತೆಗೆಯೋನು ನಾನು. ನಾನೇ ಕಂಡುಹಿಡೀತೀನಿ."

ಮೇಲೆ ಗಾಳಿಯೋ ಗಾಳಿ. ಸಾಲು ಸಾಲು ಹೂಕುಂಡ, ಬೆಂಚು, ಸುತ್ತಲೂ ಇಡೀ ಊರು. ಮಗಳು ಓಡಿ ಹೋಗಿ ಕಟಕಟೆಗೆ ಒರಗಿದಳು. ಹುಡುಗ ಮಾತ್ರ ತೋಟದ ನಟ್ಟನಡುವೆ ಬೇರುಬಿಟ್ಟು ನಿಂತ.

"ಬನ್ನಿ, ನಮ್ಮ ಅಂಗಡಿ ಕಾಣುತ್ತಾ ನೋಡೋಣ," ಎಂದರು ಬೀಗದವರು.

"ಇಲ್ಲಿಂದಲೇ ಚೆನ್ನಾಗಿದೆ ಸರ್."

"ಇಲ್ಲಿಂದ ಕಾಣೋದು ನೀರಿನ ತೊಟ್ಟಿ."

ಹುಡುಗ ತೊಟ್ಟಿಯನ್ನೇ ಮೆಚ್ಚುಗೆಯಿಂದ ನೋಡಿದ. ಪುಕ್ಕಲ ಬೇರೆ, ಎಂದುಕೊಂಡರು ಬೀಗದವರು.

"ಯಾವ ಮಹಡಿ ನಿಮ್ಮದು?"

"ಎಲ್ಲಾ ಮಹಡೀನೂ ಸರ್."

ಬೊಗಳೆ. ಬಿಡಲಿ, ಎಷ್ಟು ಬಿಡುತ್ತಾನೋ ನೋಡೋಣ ಎಂದು ಕೆದಕಿದರು. ಹುಡುಗನಿಗೆ ಹುರುಪು ಬಂತು. ಹತ್ತನೇ ಮಹಡಿಯ ಮ್ಯಾನೇಜರು ಊಟವಾದ ಮೇಲೆ ಫೈಲು ಅಡ್ಡ ಹಿಡಿದು ನಿದ್ದೆ ಮಾಡುತ್ತಾರಂತೆ. ಎಂಟನೆಯದರಲ್ಲಿ ಇಬ್ಬರು ದಿನಾ ಜಗಳವಂತೆ.

"ಯಾತಕ್ಕೆ ಜಗಳ?"

"ಅದು ಕೇಳಿಸಲ್ಲ ಸರ್."

ಅಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹೆಂಗಸೊಬ್ಬರು ಕಾಫಿ ಹಿಡಿದು ಬಂದರು. ಹುಡುಗ ದನಿ ತಗ್ಗಿಸಿದ. "ಇವರು ಹನ್ನೊಂದನೇದು. ಮೇಜಿನ ಮೇಲೆ ಅವಳಿ ಮಕ್ಕಳ ಫೋಟೋ ಇಟ್ಕೊಂಡಿದಾರೆ."

ಸಿಕ್ಕಿತಲ್ಲ ಸಾಕ್ಷಿ. ಬೀಗದವರು ನೆಟ್ಟಗೆ ಆಕೆಯ ಬಳಿ ಹೋದರು. "ಅಮ್ಮಾ, ನಿಮಗೆ ಅವಳಿ ಮಕ್ಕಳಾ?"

"ಹೌದು. ಯಾಕೆ?"

"ಈ ಹುಡುಗ ಗೊತ್ತಾ?"

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೋಡೇ ಇಲ್ಲ. ನನ್ನ ಮಕ್ಕಳ ವಿಷಯ ಇವರಿಗೆ ಹೇಗೆ ಗೊತ್ತು?" ಆಕೆಗೆ ನಿಜವಾಗಿಯೂ ಭಯವಾಗಿತ್ತು.

ಬೀಗದವರ ತಾಳ್ಮೆ ತಪ್ಪಿತು. "ಕಂಡೋರ ಕೋಣೆ ಇಣುಕೋ ಕಳ್ಳನಿಗೆ ನಾನು ಹೆಣ್ಣು ಕೊಡಲ್ಲ. ಮುಗೀತು ಮಗಳೇ, ನಡಿ."

ಕೊಟ್ಟ ಮಾತು ಕೊಟ್ಟ ಮಾತೇ. ಮಗಳು ಕಟಕಟೆಯ ಕಡೆ ಮುಖ ತಿರುಗಿಸಿ, ಬಗ್ಗಿ, ಬಿಕ್ಕಿ ಬಿಕ್ಕಿ ಅತ್ತಳು. ಹುಡುಗ ಅವಳತ್ತ ಧಾವಿಸಿದವನು ಅರ್ಧದಲ್ಲೇ ತಡೆದು ನಿಂತ.

"ನೋಡಿದ್ರಾ? ಅವಳು ಅಳ್ತಿದ್ರೂ ನಿಮ್ಮ ಕಾಲು ಮುಂದಕ್ಕೆ ಬರಲ್ಲ."

"ಸೊಂಟಕ್ಕೆ ಹಗ್ಗ ಕಟ್ಟಿಕೊಳ್ದೆ ಅಂಚಿಗೆ ಹೋಗಲ್ಲ ಅಂತ ಅವಳಿಗೇ ಮಾತು ಕೊಟ್ಟಿದೀನಿ ಸರ್," ಎಂದ ಹುಡುಗ. "ಈ ಕಟ್ಟಡದ ಕಿಟಕಿ ಗಾಜು ಹೊರಗಡೆಯಿಂದ ಒರೆಸೋನು ನಾನು."

ಕಾಫಿಯಾಕೆ ಹಣೆ ಚಚ್ಚಿಕೊಂಡರು. "ಹೆಲ್ಮೆಟ್‌ನವರಾ ನೀವು. ಅದಿಲ್ದೆ ನೋಡಿದ್ರೆ ಗುರುತೇ ಸಿಗಲ್ಲ."

ಬೀಗದವರು ಕಟಕಟೆಯಾಚೆಗಿನ ಆಳವನ್ನು ಒಮ್ಮೆ ನೋಡಿದರು, ಹುಡುಗನನ್ನು ಒಮ್ಮೆ ನೋಡಿದರು, ಆಮೇಲೆ ಗಂಟಲು ಸರಿಮಾಡಿಕೊಂಡು ಮಗಳನ್ನು ಗದರಿದರು: "ಅಲ್ಲಿಂದ ಈಚೆ ಬಾರೇ, ಅಳಿಯಂದ್ರು ಹೆದರ್ತಾರೆ."