ಸಾವಿರ ಗಂಟಿನ ಸೊಂಟಪಟ್ಟಿ

ಕೆಂಪು ನೂಲಿನ ಗಂಟುಗಳಿದ್ದ ಆ ಸೊಂಟಪಟ್ಟಿಯನ್ನು ತಾವು ಬ್ರಿಟಿಷ್ ಸೇನೆಯಲ್ಲಿದ್ದಾಗ ಬರ್ಮಾ ಯುದ್ಧದಲ್ಲಿ ಜಪಾನಿ ಸಿಪಾಯಿಯೊಬ್ಬ ಗೆಳೆತನದ ಗುರುತಾಗಿ ಕೊಟ್ಟನೆಂದು ಅಜ್ಜ ಹೇಳುತ್ತಿದ್ದರು. ಬಾಲ್ಯದಲ್ಲಿ ಅದನ್ನು ಸವರುತ್ತಲೇ ನನಗೆ ಜಪಾನಿನ ಹುಚ್ಚು ಹಿಡಿಯಿತು. ಮೂರು ಸಲ ಹೋಗಿಬಂದೆ. ಬೀಸಣಿಗೆ, ಬೊಂಬೆಗಳಿಂದ ಮನೆ ತುಂಬಿಸಿದೆ.

ಮೂರನೆಯ ಸಲ ಜಪಾನಿನಿಂದ ಬಂದವನು ಹೆದರುತ್ತಲೇ ಕೇಳಿದೆ.

“ಅಜ್ಜ, ಮಗ ಬದುಕಿ ಬರಲಿ ಅಂತ ತಾಯಿ ಬೀದಿಯಲ್ಲಿ ನಿಂತು ಸಾವಿರ ಹೆಂಗಸರ ಕೈಲಿ ಒಂದೊಂದು ಗಂಟು ಹಾಕಿಸ್ತಿದ್ದಳಂತೆ. ಜೀವ ಇರೋವರೆಗೂ ಸಿಪಾಯಿ ಇದನ್ನ ಬಿಚ್ಚಿ ಕೊಡಲ್ವಂತೆ.”

“ಯಾರಂದ್ರು?”

“ಅಲ್ಲಿನ ಮುದುಕಿಯೊಬ್ಬರು. ಹೆಣದ ಮೇಲಿಂದ ತೆಗೆದಿರಬೇಕು ಅಂದ್ರು. ಹೌದಾ ಅಜ್ಜ?”

“ಛೆ, ಹೆಣ ಮುಟ್ಟೋನಲ್ಲ ನಾನು,” ಎಂದರು ಅಜ್ಜ. “ಬಿಚ್ಚುವಾಗ ಅವನು ಬೇಡ ಬೇಡ ಅಂತ ನನ್ನ ಕೈ ಹಿಡ್ಕೊಂಡಿದ್ದ.”