ಗರಿಗುಡ್ಲಿನಿಂದ ಬಂದ ಸೀಟಿ

ಹಸಿ ತೆಂಗಿನ ಗರಿಯ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಗದ್ದ ಒರೆಸಿಕೊಳ್ಳುತ್ತದೆ.

ತೊಂಬತ್ತರ ದಶಕ. ಶೀಳನೆರೆ ಕಡೆಯ ನಮ್ಮೂರ ಶಾಲೆಗೆ ಏಳನೇ ಕ್ಲಾಸಿನ ಜಯಮ್ಮ ಪ್ರಧಾನಮಂತ್ರಿ, ನಾನು ಉಪಪ್ರಧಾನಿ. ಅವಳು ಸೀಟಿ ಊದಿದರೆ ಒಂದನೇ ಕ್ಲಾಸಿನ ಚಿಳ್ಳೆಗಳೂ ಸಾಲಾಗಿ ನಿಲ್ಲುತ್ತಿದ್ದವು. ಶನಿವಾರ ಹೊಂಗೆ ಮರದಡಿ ಎಲ್ಲರನ್ನೂ ಕೂರಿಸಿ, ಈ ವಾರ ಏನು ಸರಿಹೋಯಿತು, ಏನು ಕೆಟ್ಟಿತು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಮೇಷ್ಟ್ರೂ ನಮ್ಮ ಜೊತೆ ನೆಲದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು.

ಒಂದು ಶನಿವಾರ ಅವಳು ಬರಲಿಲ್ಲ. ಮೇಷ್ಟ್ರ ಜೊತೆ ಅವಳ ಮನೆಗೆ ಹೋದೆ. ಸೋದರಮಾವ ಅಂಗಳದಲ್ಲಿ ಹಸಿರು ಗರಿಯ ಗುಡಿಸಲು ಕಟ್ಟಿದ್ದ. ಜಯಮ್ಮ ಅದರೊಳಗಿದ್ದಳು.

"ದೊಡ್ಡೋಳಾಗವ್ಳೆ ಮೇಷ್ಟ್ರೇ. ಇನ್ ಇಸ್ಕೂಲೆಲ್ಲಾ ಸಾಕು ಬುಡಿ," ಎಂದಳು ಅಜ್ಜಿ.

ಮೇಷ್ಟ್ರು ಜಗುಲಿಯ ಮೇಲಿದ್ದ ಗಂಡಸರನ್ನು ನೋಡಿ, ಅಂಗಳದ ಅಂಚಿಗೆ ಸರಿದು ನಿಂತರು.

ಗರಿಯ ಸಂದಿಯಿಂದ ಸೀಟಿ ಹೊರಗೆ ಬಿತ್ತು. ನಾನು ಬಗ್ಗಿದೆ.

"ತಡಿಯವ್ವಾ, ಮೈಲಿಗೆ!" ಎಂದ ಅಜ್ಜಿ ಚೊಂಬಿನ ನೀರನ್ನು ಅದರ ಮೇಲೆ ಸುರಿದು, ಆಮೇಲೆ ಎತ್ತಿಕೊಳ್ಳಲು ಬಿಟ್ಟಳು.

"ಸೋಮ್ವಾರದಿಂದ ನೀನೇ ಊದ್ಬೇಕು," ಎಂದಳು ಜಯಮ್ಮ ಒಳಗಿನಿಂದ. "ಈಗೊಂದ್ಸಲ ಊದು, ಕೇಳ್ತೀನಿ."

ಊದಿದೆ. ಬುಳಬುಳ ಎಂದು ಗದ್ದದ ಮೇಲೆ ನೀರು ಇಳಿಯಿತೇ ಹೊರತು ಸೀಟಿ ಕೂಗಲಿಲ್ಲ. ಮತ್ತೆ ಊದಿದೆ.

ಗುಡಿಸಲಿನಿಂದ, ನಮ್ಮನ್ನು ಸಾಲು ನಿಲ್ಲಿಸುತ್ತಿದ್ದ ಅದೇ ಗಟ್ಟಿ ದನಿ ಬಂತು:

"ಅಂಗಲ್ಲ ಕಣೇ. ಜೋರಾಗೂದು. ಕಡೇಲಿ ನಿಂತಿರೋ ಮಕ್ಳಿಗೂ ಕೇಳ್ಬೇಕು."