ದಾರದ ಗುರುತು

ಹೊಳೆಮ್ಮ ಗ್ಯಾರೇಜಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಉದ್ದನೆಯ ನೂಲಿನ ದಾರಕ್ಕೆ ಸೀಮೆಸುಣ್ಣ ತಿಕ್ಕುತ್ತಿದ್ದಳು. ಅಪ್ಪ ಮಾರೆಪ್ಪ ಕಾರಿನ ಕೆಳಗೆ ಮಲಗಿದ್ದ. ಅವನ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿದ್ದ ಹಳೆಯ ರೇಸ್ ಕಾರು ಅದು. ಗಣಿ ಗುತ್ತಿಗೆದಾರನ ಮಗ ಹಾಲೇಶ ಮುಂಬೈನಿಂದ ಕೊಂಡು ತಂದಿದ್ದ. ವೇಗ ಎಂಬತ್ತು ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು. ಗಾಡಿ ತನಗೆ ಬೇಕಾದ ಕಡೆ ಎಳೆಯುತ್ತಿತ್ತು. ಹುಬ್ಬಳ್ಳಿಯಲ್ಲಿ ಇಬ್ಬರು ಮೇಸ್ತ್ರಿಗಳು ನೋಡಿ ಕೈಬಿಟ್ಟ ಮೇಲೆ ಹೊಸಪೇಟೆಯ ಈ ಟಿಪ್ಪರ್ ಗ್ಯಾರೇಜಿಗೆ ಬಂದಿತ್ತು.

ಮಾರೆಪ್ಪ ಒಂದೇ ದಿನದಲ್ಲಿ ಹುಡುಕಿದ್ದ. ಜಾಕ್ ಕೊಟ್ಟು ಮುಂದಿನ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ, ಒಳಗಿನಿಂದ ಬಂದ ‘ಟಕ್’ ಸದ್ದಿಗೆ ಕಿವಿಗೊಟ್ಟು, ಗಾಲಿ ಹಿಡಿಯುವ ತೋಳಿನ ಕೀಲಿನೊಳಗಿನ ಬುಷ್‌ಗಳು ಸವೆದಿವೆ ಎಂದಿದ್ದ. ಹೊಸವನ್ನು ಲೇತಿನಲ್ಲಿ ಕಡೆಸಿ ಕೂರಿಸಿದ್ದ.

“ರೋಗ ಸಿಕ್ಕೈತಿ ಧಣಿ. ಇನ್ನ ಮುಂದಿನ ಗಾಲಿ ನೆಟ್ಟಗ ನಿಲ್ಲಿಸಿದ್ರ ಮುಗೀತು,” ಎನ್ನುತ್ತ ಎದ್ದು ಬಂದ.

“ಟಿಪ್ಪರ್ ಬಿಚ್ಚೋ ಕೈಲೆ ಇದನ್ನ ಮುಟ್ಟಿಯಲ್ಲೋ, ಭಾಳ ಧೈರ್ಯ ನಿಂದು,” ಪಕ್ಕದಲ್ಲೇ ನಿಂತಿದ್ದ ಹಾಲೇಶ ನಕ್ಕ. “ಸರಿ ಆತಂದ್ರ ನಮ್ಮ ಮನಿ ಕಾರೆಲ್ಲ ಇನ್ನ ನಿನ್ನ ಹತ್ರನ ಬರ್ತಾವು, ನೋಡು.”

ಮಾರೆಪ್ಪ ಕಣ್ಣರಳಿಸಿ ಮಗಳ ಕಡೆ ಒಮ್ಮೆ ನೋಡಿದ. ಇಪ್ಪತ್ತು ವರ್ಷ ಬರೀ ಅದಿರಿನ ಲಾರಿಗಳ ಕೆಳಗೆ ಮಲಗಿದವನು ಹಾಗೆ ನೋಡಿದ್ದನ್ನು ಹೊಳೆಮ್ಮ ಎಂದೂ ಕಂಡಿರಲಿಲ್ಲ.

ಗಾಲಿ ನೆಟ್ಟಗೆ ಮಾಡಲು ಅವರಲ್ಲಿದ್ದದ್ದು ಈ ದಾರ, ಒಂದು ಅಳತೆಪಟ್ಟಿ ಮಾತ್ರ. ಹಿಂದಿನ ಗಾಲಿಯ ಮಗ್ಗುಲಿಗೆ ಹೊಳೆಮ್ಮ ಹಿಡಿಯುವುದು, ಮುಂದಿನ ಗಾಲಿಯಾಚೆ ಅಪ್ಪ ಎಳೆದು ಹಿಡಿಯುವುದು. ಹಿಂದಿನ ಟಯರಿನ ಎರಡೂ ಅಂಚಿಗೆ ದಾರ ತಾಕಿದಾಗ ಅವಳು ಹೇಳಬೇಕು. ಆಮೇಲೆ ಅಪ್ಪ ಪಟ್ಟಿ ಹಿಡಿದು ಮುಂದಿನ ಗಾಲಿಯನ್ನು ಆ ದಾರಕ್ಕೆ ಹೊಂದಿಸುತ್ತಾನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ವರ್ಷದಿಂದ ಅವಳು ಇದನ್ನು ಮಾಡುತ್ತ ಬಂದವಳು. ಎಡಗಡೆ ಸಲೀಸಾಗಿ ಮುಗಿಯಿತು. ಬಲಗಡೆಗೆ ಬರುವಷ್ಟರಲ್ಲಿ ಹಾಲೇಶ ಒಂದು ಟಯರನ್ನು ಎಳೆದುಕೊಂಡು ಅವಳ ಎದುರಿಗೇ ಕೂತಿದ್ದ.

ಬೆಳಿಗ್ಗೆ ಜಾಕ್ ಎತ್ತುವಾಗ ಅವಳ ಕಮೀಜಿನ ಕಂಕುಳ ಹೊಲಿಗೆ ಬಿಟ್ಟಿತ್ತು. ವೇಲನ್ನು ಗಾಲಿಗೆ ಸಿಕ್ಕೀತೆಂದು ಗೂಟಕ್ಕೆ ಹಾಕಿದ್ದಳು. ಟಯರಿನ ಆಚೆ ಅಂಚಿಗೆ ದಾರ ತಾಕಿದೆಯೋ ಇಲ್ಲವೋ ತಿಳಿಯಬೇಕಾದರೆ ತೋಳು ಪೂರ್ತಿ ಚಾಚಿ, ಎರಡರ ನಡುವೆ ಉಗುರು ಆಡಿಸಿ ನೋಡಬೇಕಿತ್ತು. ಎದುರಿಗಿದ್ದವನಿಗೆ ಹರಕು ಕಾಣದಂತೆ ಅವಳು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು.

“ತಾಕಿತೇನವ್ವ?”

“ತಾಕೈತಿ ಅಪ್ಪಾ.”

ಅಪ್ಪ ಬಲಗಡೆಯ ಮುಂದಿನ ಗಾಲಿಯನ್ನೂ ಹೊಂದಿಸಿದ. ಅವಳು ದಾರ ಸುತ್ತುವಾಗ ಕಂಡಿತು. ಎಡಗಡೆಯ ಹಿಂದಿನ ಟಯರಿನ ಮೇಲೆ ದಾರ ತಾಕಿದಲ್ಲಿ ಸುಣ್ಣದ ಬಿಳಿ ಗುರುತು ಎರಡಿದ್ದವು, ಬಲಗಡೆಯದರ ಮೇಲೆ ಒಂದೇ. ಅಪ್ಪ ಕೈ ತೊಳೆಯಲು ಹೋಗಿದ್ದ. ಹಾಲೇಶ ಫೋನಿನಲ್ಲಿ ಮಾತಾಡುತ್ತಿದ್ದ. ಹೊಳೆಮ್ಮ ಒದ್ದೆ ಬಟ್ಟೆಯಿಂದ ಎರಡೂ ಟಯರನ್ನು ಒರೆಸಿದಳು.

ಮಾರೆಪ್ಪ, ಹಾಲೇಶ ಇಬ್ಬರೂ ಸಂಡೂರು ರಸ್ತೆಗೆ ಕಾರು ತೆಗೆದುಕೊಂಡು ಹೋದರು. ಕಾಲು ಗಂಟೆಗೇ ತಿರುಗಿ ಬಂದರು. ಮಾರೆಪ್ಪ ಇಳಿದವನು ತಲೆ ಎತ್ತಲಿಲ್ಲ.

“ಮೊದಲ ಇದಕ್ಕಿಂತ ಪಾಡಿತ್ತಲ್ಲೋ ಮಾರೆಪ್ಪ,” ಹಾಲೇಶ ಹಣೆ ಒರೆಸಿಕೊಂಡ. “ಅದಿರಿನ ಲಾರಿ ಕೆಳಗ ಹೊಕ್ಕೊಂಡು ಹೋಗ್ತಿದ್ವಿ ಇಬ್ರೂ.”

ಮಾರೆಪ್ಪ ಬಲಗಡೆಯ ಹಿಂದಿನ ಟಯರಿನ ಮುಂದೆ ಬಗ್ಗಿದ. “ಗುರುತು ಒರಸಿಯೇನವ್ವ?”

“ಹೂಂ. ಗಾಡಿ ಚಂದ ಕಾಣ್ಲಿ ಅಂತ.”

“ಎರಡೂ ಕಡೆ ತಾಕಿತ್ತಲ್ಲ?”

ಹಾಲೇಶ ಅವಳನ್ನೇ ನೋಡುತ್ತಿದ್ದ. “ತಾಕಿತ್ತು,” ಎಂದಳು.

ಅಪ್ಪ ಎದ್ದು, ತೊಳೆದರೂ ಗ್ರೀಸ್ ಹೋಗದ ಎರಡೂ ಕೈ ಜೋಡಿಸಿದ. “ಹಂಗಾದ್ರ ರೋಗ ಬುಷ್‌ದಲ್ಲ ಧಣಿ. ಅಳತೀನೂ ತಪ್ಪೀನಿ. ನನಗ ತಿಳೀಲಿಲ್ಲ.”

“ಹೋಗ್ಲಿ ಬಿಡು.” ಹಾಲೇಶನಿಗೆ ಸಿಟ್ಟೇನೂ ಬಂದಿರಲಿಲ್ಲ. “ನೀನು ಟಿಪ್ಪರ್ ನೋಡ್ಕೊಂಡಿರು. ಅವು ಸೊಟ್ಟಗ ಹೋದ್ರೂ ಯಾರೂ ಕೇಳಂಗಿಲ್ಲ.” ಜೀಪು ಬಂತು. ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಹೋದರು.

ಮಾರೆಪ್ಪ ಹಾಲೇಶ ಕೂತಿದ್ದ ಟಯರಿನ ಮೇಲೆಯೇ ಕೂತ. ಅಳತೆಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ, ಮತ್ತೆ ಹತ್ತಿರ ತಂದ. ಹೊರಗೆ ಟಿಪ್ಪರುಗಳು ಒಂದರ ಹಿಂದೊಂದು ಕೆಂಪು ಧೂಳೆಬ್ಬಿಸುತ್ತ ಹೋಗುತ್ತಿದ್ದವು. ಹೊಳೆಮ್ಮ ಗೂಟದ ವೇಲನ್ನೂ ತೆಗೆದುಕೊಳ್ಳದೆ ಅಲ್ಲೇ ನಿಂತಿದ್ದಳು.

“ಕಣ್ಣಿಗೆ ಮಬ್ಬು ಬಂದೈತಿ ಅನಸ್ತೈತಿ,” ಎಂದ ಅವನು. “ಇನ್ಮ್ಯಾಲೆ ಅಳತಿ ಎಲ್ಲಾ ನೀನ ನೋಡವ್ವ. ನಿನ್ನ ಕಣ್ಣು ಚಲೋ ಅದಾವು.”

“ಹಿಡಿ,” ಎಂದು ದಾರದ ಉಂಡೆಯನ್ನೂ ಪಟ್ಟಿಯನ್ನೂ ಅವಳ ಕಡೆ ನೀಡಿದ. ತೆಗೆದುಕೊಳ್ಳಲು ಅವಳು ತೋಳು ಚಾಚಬೇಕಿತ್ತು. ಮೊಣಕೈ ಪಕ್ಕೆ ಬಿಟ್ಟು ಏಳಲಿಲ್ಲ.

“ಹಿಡಿಯವ್ವಾ,” ಎಂದ ಮಾರೆಪ್ಪ, ಇನ್ನೊಮ್ಮೆ.